ಮ್ಯೂನಿಕ್‌ನ ನೀರು, ಗಾಜಿನ ಒಲೆ

ಶಿರಸಿ ಸೀಮೆಯಿಂದ ಓದಿಗೋ ಕೆಲಸಕ್ಕೋ ವಿದೇಶಕ್ಕೆ ಹೊರಟ ಮಕ್ಕಳ ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಸಾರಿನ ಪುಡಿ, ಒಣಗಿಸಿದ ಮುರುಗಲು ಸಿಪ್ಪೆಗಳನ್ನು ಮನೆಯವರು ಮರೆಯದೆ ತುಂಬುತ್ತಾರೆ. ಆದರೆ ಆ ಊರಿನ ನೀರು ಎಂಥದ್ದು, ಒಲೆ ಎಂಥದ್ದು ಎಂದು ಯಾರೂ ವಿಚಾರಿಸುವುದಿಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲವು ವರ್ಷ ಅಡುಗೆ ಮಾಡಿಕೊಂಡಿದ್ದ ನನಗೆ, ಮಸಾಲೆಗಿಂತ ಮೊದಲು ತಿಳಿಯಬೇಕಾದದ್ದು ಇವೆರಡೇ ಎಂದು ಅನ್ನಿಸುತ್ತದೆ. ಅಕ್ಕನ ಮಗಳು ಈಗ ಅದೇ ಊರಿಗೆ ಹೊರಟಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿ ಪಾತ್ರೆಯಲ್ಲಿಟ್ಟ ತೊಗರಿಬೇಳೆ ಗಂಟೆ ಕಳೆದರೂ ಕರಗದೆ ನಿಲ್ಲುತ್ತಿತ್ತು. ಬೇಳೆ ಹಳೆಯದಿರಬೇಕೆಂದು ಫೋನಿನಲ್ಲಿ ಹೇಳಿದಾಗ ಆಯಿ (ಅಮ್ಮ), “ಬೇಳೆ ಬಿಡು, ನೀರು ನೋಡೇ ಕೂಸೇ” ಎಂದಳು. ಆಕೆಯ ಮಾತು ಸರಿಯಾಗಿತ್ತು. ಆಲ್ಪ್ಸ್ ಪರ್ವತದ ತಪ್ಪಲಿನ ಮಾಂಗ್‌ಫಾಲ್ ಮತ್ತು ಲೋಯ್ಸಾಖ್ ಕಣಿವೆಗಳಿಂದ ಮ್ಯೂನಿಕ್‌ಗೆ ಬರುವ ನೀರು ಸುಣ್ಣಕಲ್ಲಿನ ನೆಲದಲ್ಲಿ ಇಳಿದು ಬಂದದ್ದು. ನೀರಿನ ಗಡಸುತನ ಜರ್ಮನಿಯ ಅಳತೆಯಲ್ಲಿ 14 ಡಿಗ್ರಿ ದಾಟಿದರೆ ಅದು ಗಡಸು ನೀರು. ಮ್ಯೂನಿಕ್‌ನ ನೀರು ಆ ವರ್ಗಕ್ಕೆ ಸೇರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೇಳೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ನಾರಿನಂಶಕ್ಕೆ ಅಂಟಿಕೊಂಡು ಅದನ್ನು ಬಿಗಿಗೊಳಿಸುತ್ತವೆ. ನೀರನ್ನು ಚೆನ್ನಾಗಿ ಕುದಿಸಿ ಆರಲು ಬಿಟ್ಟರೆ ಸುಣ್ಣದ ಒಂದಷ್ಟು ಭಾಗ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಬೇಳೆ ಬೇಯಿಸಬೇಕು. ಚಿಟಿಕೆ ಅಡುಗೆ ಸೋಡಾವೂ ಆಗುತ್ತದೆ, ಆದರೆ ಅದು ಬಿ1 ಜೀವಸತ್ವವನ್ನು ಕಳೆಯುವುದರಿಂದ ನನಗೆ ಮೊದಲ ದಾರಿಯೇ ಇಷ್ಟ. ಹುಣಸೆಹಣ್ಣಿನ ರಸವನ್ನಂತೂ ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಬೇಕು.

ಇನ್ನು ಒಲೆ. ಬಾಡಿಗೆ ಮನೆಯಲ್ಲಿದ್ದದ್ದು ಗಾಜಿನ ಹಾಸಿನ ವಿದ್ಯುತ್ ಒಲೆ. ಅದರಲ್ಲಿ ಕಣ್ಣಿಗೆ ಕಾಣುವ ಉರಿಯಿಲ್ಲ. ಗುಂಡಿ ತಿರುಗಿಸಿ ಆರಿಸಿದ ಮೇಲೂ ಬಹಳ ಹೊತ್ತು ಕಾವು ಉಳಿಯುತ್ತದೆ. ಗ್ಯಾಸ್ ಒಲೆಗೆ ಒಗ್ಗಿದ ಕೈಗೆ ಇದು ತಿಳಿಯುವುದು ಕಷ್ಟ, ಏಕೆಂದರೆ ಒಲೆ ಆರಿಸಿದರೂ ಒಗ್ಗರಣೆಯ ಸಾಸಿವೆ ಸೀಯುತ್ತಲೇ ಇರುತ್ತದೆ. ನಮ್ಮಲ್ಲಿಗೆ ಬಂದಾಗ ಆಯಿ ಅದನ್ನು ಸ್ವಲ್ಪ ಹೊತ್ತು ನೋಡಿ, ಸಾಸಿವೆ ಚಟಪಟ ಎನ್ನುತ್ತಿದ್ದಂತೆ ಬಾಣಲೆಯನ್ನು ಅರ್ಧ ಬಿಸಿಯ ಮೇಲೆ, ಅರ್ಧ ಹೊರಗೆ ಸರಿಸಿ, ಮೆಣಸಿನ ಚೂರುಗಳನ್ನು ಹೊರಗಿನ ಬದಿಗೆ ಹಾಕಿದಳು. ಅವು ಕಪ್ಪಾಗದೆ ಕೆಂಪಗೆ ಉಬ್ಬಿದವು. ಸೌದೆ ಒಲೆಯ ಕೆಂಡವೂ ಹೀಗೆಯೇ ನಿಧಾನಕ್ಕೆ ಆರುವುದಲ್ಲವೇ! ಗ್ಯಾಸಿನ ರೂಢಿಗಿಂತ ಆಯಿಯ ಕೆಂಡದ ರೂಢಿಯೇ ಈ ಹೊಸ ಒಲೆಗೆ ಹತ್ತಿರವಾಗಿತ್ತು. ಹೊರಡುವ ಮೊದಲು ಒಂದು ವಾರವಾದರೂ ಅಜ್ಜಿಯ ಸೌದೆ ಒಲೆಯಲ್ಲಿ ಅಡುಗೆ ಮಾಡು ಎಂದು ಅಕ್ಕನ ಮಗಳಿಗೆ ನಾನು ಹೇಳುತ್ತಿರುವುದು ಇದೇ ಕಾರಣಕ್ಕೆ.

ತಂಬುಳಿಗೆ ಒಂದೆಲಗವನ್ನು ಕಟ್ಟಿಕೊಂಡು ಹೋಗುವಂತಿಲ್ಲ. 2019ರ ಡಿಸೆಂಬರ್ 14ರಿಂದ ಯುರೋಪಿಯನ್ ಒಕ್ಕೂಟದೊಳಕ್ಕೆ ಸೊಪ್ಪು, ಗಿಡ, ಹೆಚ್ಚಿನ ಹಣ್ಣುಗಳನ್ನು ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆ, ಅನಾನಸುಗಳಿಗೆ ವಿನಾಯಿತಿಯಿದೆ. ಹಾಲಿನ ಪದಾರ್ಥವಾದ ಮನೆಯ ತುಪ್ಪವನ್ನೂ ಒಯ್ಯುವಂತಿಲ್ಲ. ಅಲ್ಲಿನ ಪೇಟೆಯಲ್ಲಿ ಚಿಕ್ಕ ಕೆಂಪು ಮೂಲಂಗಿಯನ್ನು ಎಲೆಯ ಸಮೇತ ಕಟ್ಟು ಕಟ್ಟಿ ಮಾರುತ್ತಾರೆ. ಆ ಎಲೆಗಳನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ, ಮಜ್ಜಿಗೆ ಬೆರೆಸಿದರೆ ಒಳ್ಳೆಯ ತಂಬುಳಿಯಾಗುತ್ತದೆ. ಒಂದೆಲಗದ ಘಮ ಬಾರದು, ಆದರೆ ಎಳೆಯ ಎಲೆಯ ಸಣ್ಣ ಖಾರ ಅನ್ನಕ್ಕೆ ಚೆನ್ನಾಗಿ ಹೊಂದುತ್ತದೆ. ಕಟ್ಟು ತಂದ ದಿನವೇ ಎಲೆ ಬಳಸಬೇಕು. ಮೂಲಂಗಿ ವಾರವಿದ್ದೀತು, ಎಲೆ ಬೇಗ ಹಳದಿಗಟ್ಟುತ್ತದೆ.