ರ್ಯಾಂಪ್ ಮೇಲೆ ಮಾತು ಬೇಡ

ಅಂಗವಿಕಲ ನಟರೊಂದಿಗೆ ನಾಟಕ ಕಟ್ಟುವ ತಂಡ ನಕ್ಷೆಯ ಹಂತದಲ್ಲೇ ಎಚ್ಚರವಾಗಿರಬೇಕು. ರಂಗಸಜ್ಜಿಕೆಯ ನಕ್ಷೆಯಲ್ಲಿ 45 ಸೆಂ.ಮೀ. ಎತ್ತರದ ಒಂದು ಲೆವೆಲ್, ಅಂದರೆ ವೇದಿಕೆಯ ಮೇಲಿನ ಎತ್ತರದ ಕಟ್ಟೆ, ಗೀಚುವುದು ಅರ್ಧ ನಿಮಿಷದ ಕೆಲಸ. ಅದರ ಮೇಲೆ ವೀಲ್‌ಚೇರ್ ಹತ್ತಬೇಕೆಂದರೆ, 1:12ರ (ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ) ಇಳಿಜಾರಿನ ಲೆಕ್ಕದಲ್ಲಿ 5.4 ಮೀಟರ್ ಉದ್ದದ ರ್ಯಾಂಪ್ ಬೇಕು. ಮೇಲೆ ಹೋದ ಮೇಲೆ ತಿರುಗಿಕೊಳ್ಳಲು ಒಂದೂವರೆ ಮೀಟರ್ ಚೌಕದಷ್ಟು ಸಮತಟ್ಟು ಜಾಗ ಬೇರೆ. ಚಿಕ್ಕ ವೇದಿಕೆಯಾದರೆ ಒಂದು ಪಕ್ಕವೆಲ್ಲ ಇದಕ್ಕೇ ಹೋಯಿತು. ನಕ್ಷೆ ಮುಗಿದ ಮೇಲೆ ‘ಒಂದು ರ್ಯಾಂಪ್ ಹಾಕೋಣ ಬಿಡಿ’ ಎನ್ನುವ ತಂಡಗಳು ಕೊನೆಗೆ ಕಡಿದಾದ ಹಲಗೆಯೊಂದನ್ನು ಒರಗಿಸಿ, ಹಿಂದಿನಿಂದ ತಳ್ಳಲು ಒಬ್ಬರನ್ನು ನಿಲ್ಲಿಸುತ್ತವೆ. ರಾಣಿ ತಳ್ಳಿಸಿಕೊಂಡು ಸಿಂಹಾಸನದತ್ತ ಹೋದರೆ ದೃಶ್ಯದ ಅರ್ಥವೇ ಬೇರೆ. ಬೇಕೆಂದೇ ಹಾಗೆ ಮಾಡಿದ್ದರೆ ತಕರಾರಿಲ್ಲ.

ಇಳಿಜಾರು ಸರಿಯಿದ್ದರೂ ಅಲ್ಲಿ ಸಂಭಾಷಣೆ ಇಡಬೇಡಿ. ಕೈಯಿಂದ ಚಕ್ರ ನೂಕಿಕೊಳ್ಳುವ ನಟಿಗೆ ಏರುವಾಗ ಎರಡೂ ಕೈ ಚಕ್ರದ ಮೇಲೇ ಇರಬೇಕು. ಅಭಿನಯಕ್ಕೆ ಕೈಯಿಲ್ಲ, ಉಸಿರೆಲ್ಲ ತೋಳಿಗೆ ಖರ್ಚಾಗುತ್ತದೆ, ಮಾತು ನೂಕಿಗೊಂದು ತುಂಡಾಗಿ ಬರುತ್ತದೆ. ಮಾತು ಮುಗಿಸಿ ಏರಲಿ, ಇಲ್ಲವೇ ಏರಿ ನಿಂತು ಆಡಲಿ. ಪ್ರೇಕ್ಷಕರ ಕಡೆಗೆ ಇಳಿಜಾರಾಗಿರುವ ವೇದಿಕೆಯಲ್ಲಿ ಕುರ್ಚಿ ತಾನಾಗಿಯೇ ಜಾರುತ್ತದೆ. ಬ್ರೇಕ್ ಹಾಕಿದರೆ ‘ಟಕ್’ ಎಂಬ ಸದ್ದು ಮೌನದಲ್ಲಿ ಕೊನೆಯ ಸಾಲಿಗೂ ಕೇಳಿಸುತ್ತದೆ. ಆ ಸದ್ದನ್ನು ಮುಚ್ಚಿಡಲು ಹೆಣಗುವ ಬದಲು ಯಾವ ಮಾತಿನ ಕೊನೆಗೆ ಬ್ರೇಕ್ ಎಂದು ಬ್ಲಾಕಿಂಗ್‌ನಲ್ಲೇ (ನಟರ ಚಲನೆಯ ಟಿಪ್ಪಣಿಯಲ್ಲೇ) ಬರೆದುಕೊಳ್ಳುವುದು ಜಾಣತನ.

ನೆಲಕ್ಕೆ ಹಾಸುವ ಕಪ್ಪು ಬಟ್ಟೆ ಇನ್ನೊಂದು ಶತ್ರು. ಸಡಿಲವಾಗಿದ್ದರೆ ಮುಂದಿನ ಪುಟ್ಟ ಚಕ್ರಗಳಿಗೆ ಸುತ್ತಿಕೊಂಡು ಕುರ್ಚಿ ಗಕ್ಕನೆ ನಿಲ್ಲುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಬಿಗಿಯಾಗಿ ಎಳೆದು ಅಂಚಿಗೆಲ್ಲ ಟೇಪ್ ಹಚ್ಚಿ, ಇಲ್ಲವೇ ಬಟ್ಟೆಯನ್ನೇ ಬಿಡಿ. ಎರಡು ಲೆವೆಲ್‌ಗಳ ನಡುವಿನ ಸಂದಿಯನ್ನೂ ಮುಚ್ಚಿ.

ಬೆಳಕು ಫೋಕಸ್ ಮಾಡುವಾಗ ಯಾರೋ ಒಬ್ಬರು ವೇದಿಕೆಯಲ್ಲಿ ನಿಲ್ಲುತ್ತಾರೆ, ದೀಪ ಅವರ ಮುಖಕ್ಕೆ ಹೊಂದುತ್ತದೆ. ಕೂತವರ ಕಣ್ಣು ಅದಕ್ಕಿಂತ ಸುಮಾರು 40 ಸೆಂ.ಮೀ. ಕೆಳಗಿರುತ್ತದೆ. ಪ್ರದರ್ಶನದಲ್ಲಿ ಬೆಳಕೆಲ್ಲ ತಲೆಯ ಮೇಲಿನ ಗಾಳಿಗೆ ಬಿದ್ದು ಮುಖ ಮಬ್ಬಾಗಿರುತ್ತದೆ. ಫೋಕಸ್ ದಿನ ಒಂದು ಕುರ್ಚಿ ಹಾಕಿ ಯಾರನ್ನಾದರೂ ಕೂರಿಸಿದರೆ ಮುಗಿಯಿತು. ಇಷ್ಟು ಸುಲಭದ ಕೆಲಸ ಇಷ್ಟು ಸಲ ತಪ್ಪಿಹೋಗುವುದೇ ಸೋಜಿಗ.

ವೇದಿಕೆಗೆ ಬರುವ ದಾರಿಯ ವಿಷಯಕ್ಕೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿಯ 2019ರ ರಾತ್ರಿಯೇ ಸಾಕು. 2015ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗದ ಮೇಲೆ ವೀಲ್‌ಚೇರ್‌ನಲ್ಲಿ ಬಂದ ಮೊದಲ ನಟಿ ಆಲಿ ಸ್ಟ್ರೋಕರ್‌ಗೆ ಅಂದು ಪ್ರಶಸ್ತಿ ಬಂತು. ಪ್ರೇಕ್ಷಕರ ಸಾಲಿನಿಂದ ವೇದಿಕೆಗೆ ರ್ಯಾಂಪ್ ಇರಲಿಲ್ಲ. ಹೆಸರು ಕೂಗುವಾಗ ಅವರು ತೆರೆಮರೆಯಲ್ಲಿ ಕಾಯುತ್ತಿದ್ದರು. ಹೊಸ ರಂಗಮಂದಿರ ನೋಡಲು ಹೋದಾಗ ವೇದಿಕೆಯನ್ನಲ್ಲ, ಗ್ರೀನ್ ರೂಮ್‌ನಿಂದ ವಿಂಗ್‌ವರೆಗಿನ (ವೇದಿಕೆಯ ಪಕ್ಕದ ಮರೆಯವರೆಗಿನ) ದಾರಿಯನ್ನು ಮೊದಲು ಅಳೆಯಿರಿ. ಎಲ್ಲೂ 90 ಸೆಂ.ಮೀ.ಗಿಂತ ಕಡಿಮೆ ಇರಕೂಡದು. ಶೌಚಾಲಯದ ಬಾಗಿಲನ್ನೂ ಅಳೆಯಿರಿ.

ಅಂಧ ನಟರಿಗೆ ವೇದಿಕೆಯ ನಕ್ಷೆ ಇರುವುದು ಪಾದದಲ್ಲಿ. ಹಾಸಿನ ಕೆಳಗೆ ತೆಳ್ಳನೆಯ ಹಗ್ಗ ಎಳೆದು ದಾರಿ ಗುರುತಿಸಬಹುದು. ವೇದಿಕೆಯ ಅಂಚಿಗೆ ಮಾತ್ರ ಒರಟು ಚಾಪೆಯ ಪಟ್ಟಿಯೇ ಬೇಕು, ಅದೂ ಕನಿಷ್ಠ ಒಂದು ಹೆಜ್ಜೆಯಷ್ಟು, ಅಂದರೆ 60 ಸೆಂ.ಮೀ. ಅಗಲದ್ದು. ಕಿರಿದಾದರೆ ಪಾದ ದಾಟಿದ ಮೇಲೆ ಎಚ್ಚರಿಕೆ ಬಂದಂತೆ. ಇಷ್ಟೆಲ್ಲ ಮಾಡಿ, ಗ್ರ್ಯಾಂಡ್ ರಿಹರ್ಸಲ್ ದಿನ ವಸ್ತ್ರವಿನ್ಯಾಸಕರು ದಪ್ಪ ಅಟ್ಟೆಯ ಬೂಟು ತಂದುಕೊಟ್ಟರೆ ಹಗ್ಗವೂ ಇಲ್ಲ, ಚಾಪೆಯೂ ಇಲ್ಲ. ಪಾದರಕ್ಷೆ ಮೊದಲ ವಾರದ ತಾಲೀಮಿಗೇ ಬರಬೇಕು. ಬೇರೆ ಊರಿನ ಚಿಕ್ಕ ವೇದಿಕೆಗೆ ಹೋದಾಗ ಎಲ್ಲ ಅಂತರಗಳನ್ನೂ ಸ್ವಲ್ಪ ಸ್ವಲ್ಪ ಕುಗ್ಗಿಸುವುದು ದೊಡ್ಡ ತಪ್ಪು. ಮೈಗೆ ಹತ್ತಿದ ಹೆಜ್ಜೆಯ ಲೆಕ್ಕ ಪೂರ್ತಿ ಕೆಡುತ್ತದೆ. ಬೇಕಿದ್ದರೆ ಒಂದು ಮೇಜನ್ನೇ ತೆಗೆದುಹಾಕಿ. ಉಳಿದದ್ದು ನಡುಗೆರೆಯಿಂದ ಮೊದಲಿನಷ್ಟೇ ದೂರದಲ್ಲಿರಲಿ.

ಕಿವುಡ ನಟರ ವಿಷಯದಲ್ಲಿ ಹೆಚ್ಚು ಎಡವುವುದು ಬ್ಲ್ಯಾಕ್‌ಔಟ್‌ನಲ್ಲಿ. ಉಳಿದವರಿಗೆ ಕತ್ತಲೆಂದರೆ ಮೇಜು ಸರಿಸುವ ಹೊತ್ತು. ಸನ್ನೆ ಭಾಷೆಯಲ್ಲಿ ಮಾತಾಡುವವರಿಗೆ ಬಾಯಿ, ಕಿವಿ ಎರಡನ್ನೂ ಒಟ್ಟಿಗೆ ಮುಚ್ಚಿದ ಹಾಗೆ. ಪೂರ್ತಿ ಕತ್ತಲಿನ ಬದಲು ಮಂದ ನೀಲಿ ಬೆಳಕು ಉಳಿಸಿ. ವಿಂಗ್‌ನಲ್ಲಿ ಕ್ಯೂ ದೀಪ ಇರಲಿ: ಕೆಂಪು ಹತ್ತಿದರೆ ಸಿದ್ಧ, ಹಸಿರು ಹತ್ತಿದರೆ ಎಂಟ್ರಿ. ಅದು ನಟ ಆ ಕ್ಷಣದಲ್ಲಿ ಮುಖ ಮಾಡಿ ನಿಲ್ಲುವ ದಿಕ್ಕಿನಲ್ಲೇ ಇರಬೇಕು. ಬೆನ್ನ ಹಿಂದಿನ ದೀಪ ಇದ್ದೂ ಇಲ್ಲದಂತೆ. ನಗಾರಿಯ ಕಂಪನದಿಂದ ಕ್ಯೂ (ಸೂಚನೆ) ಕೊಡುವುದು ಹಳೆಯ ಉಪಾಯ. ತೊಲೆಯ ಮೇಲೆ ಹಲಗೆ ಹೊಡೆದ ವೇದಿಕೆಯಲ್ಲಿ ಕಂಪನ ಅಂಗಾಲಿಗೆ ಚೆನ್ನಾಗಿ ಮುಟ್ಟುತ್ತದೆ, ಕಾಂಕ್ರೀಟ್ ನೆಲದಲ್ಲಿ ಸತ್ತುಹೋಗುತ್ತದೆ. ಇದನ್ನು ಮರೆತ ತಂಡ ತಾಲೀಮಿನ ಕೋಣೆಯಲ್ಲಿ ಗೆದ್ದು ರಂಗದಲ್ಲಿ ಸೋಲುತ್ತದೆ.

ಲಾಸ್ ಏಂಜಲೀಸ್‌ನಲ್ಲಿ 1991ರಲ್ಲಿ ಶುರುವಾದ ಕಿವುಡರ ರಂಗತಂಡ ಡೆಫ್ ವೆಸ್ಟ್, ಒಬ್ಬರು ಸನ್ನೆ ಮಾಡುವಾಗ ಇನ್ನೊಬ್ಬರು ದನಿ ಕೊಡುವ ಜೋಡಿಯನ್ನು ರಂಗದ ಮೇಲೇ ತಂದಿತು. ನೋಡಲು ಸರಾಗ, ಮಾಡಲು ಕಷ್ಟ. ಸನ್ನೆ ಭಾಷೆಯ ವಾಕ್ಯರಚನೆಯೇ ಬೇರೆ, ಹಾಗಾಗಿ ನಗೆಯ ಮಾತಿನ ಮುಖ್ಯ ಪದ ಕೈಯಲ್ಲಿ ಮೊದಲೇ ಬಂದು ಬಾಯಲ್ಲಿ ತಡವಾಗುತ್ತದೆ. ಪ್ರೇಕ್ಷಕರು ಎರಡು ಕಂತಿನಲ್ಲಿ ನಗುತ್ತಾರೆ. ಪದಕ್ಕೆ ಪದ ಹೊಂದಿಸಲು ಹೋಗದೆ, ಪ್ರತಿ ಮಾತಿನ ಕೊನೆ ಎಲ್ಲಿ ಕೂಡಬೇಕೆಂದು ಗುರುತು ಹಾಕಿಕೊಳ್ಳಿ. ಚಿತ್ತಾರದ ಅಂಗಿ ಬೇಡ, ಅದರ ಮುಂದೆ ಬೆರಳು ಕಾಣುವುದಿಲ್ಲ. ಮೈಬಣ್ಣಕ್ಕೆ ವಿರುದ್ಧವಾದ ಒಂದೇ ಬಣ್ಣದ ಬಟ್ಟೆ ಸಾಕು. ಹಿಂದಿನ ಬೆಳಕು ಜೋರಾದರೆ ಮುಖ ಕಪ್ಪಾಗುತ್ತದೆ. ಪ್ರಶ್ನೆಯೋ ಹೇಳಿಕೆಯೋ ಎಂಬುದು ಹುಬ್ಬಿನಲ್ಲಿರುವ ಭಾಷೆಗೆ ಅದು ವ್ಯಾಕರಣವನ್ನೇ ಕಿತ್ತುಕೊಂಡಂತೆ.

ಬೌದ್ಧಿಕ ಅಂಗವೈಕಲ್ಯವಿರುವ ನಟರ ತಂಡಗಳಲ್ಲಿ ನಾಟಕದ ಪಠ್ಯ ಆಶುವಿಸ್ತರಣೆಯಿಂದ (ತಾಲೀಮಿನಲ್ಲಿ ಅಲ್ಲೇ ಹೊಳೆದಂತೆ ಆಡುವುದರಿಂದ) ಹುಟ್ಟುವುದು ಸಾಮಾನ್ಯ. ಆಸ್ಟ್ರೇಲಿಯಾದ ಬ್ಯಾಕ್ ಟು ಬ್ಯಾಕ್ ತಂಡಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಇಬ್ಸೆನ್ ಪ್ರಶಸ್ತಿ ಬಂದದ್ದು ಇಂಥ ಕೆಲಸಕ್ಕೇ. ಇಲ್ಲಿ ಕೆಡಿಸುವುದು ಕೊನೆಯ ವಾರದ ಕತ್ತರಿ. ನಿರ್ದೇಶಕರಿಗೆ ಎರಡು ಸಾಲು ಕಡಿಮೆಯಾದರೆ, ಕೆಲವು ನಟರಿಗೆ ಮುಂದಿನ ಮಾತಿನ ಹಿಡಿಕೆಯೇ ಹೋಗಿರುತ್ತದೆ. ತಂತ್ರಜ್ಞರ ತಾಲೀಮಿಗೆ (ಬೆಳಕು, ಸದ್ದು ಹೊಂದಿಸುವ ತಾಲೀಮು) ಹತ್ತು ದಿನ ಮೊದಲು ಪಠ್ಯಕ್ಕೆ ಬೀಗ ಹಾಕುವುದು ಒಳ್ಳೆಯದು. ಮರೆತ ಮಾತು ನೆನಪಿಸುವ ಪ್ರಾಂಪ್ಟರ್ ಅನ್ನು ಅಡಗಿಸಬೇಕಾಗಿಯೂ ಇಲ್ಲ, ರಂಗದ ಮೇಲೇ ಒಂದು ಕುರ್ಚಿ ಹಾಕಿ ಕೂರಿಸಿ.

ಯಾರೂ ತಾಲೀಮು ಮಾಡದ ಭಾಗ ಕೊನೆಯ ವಂದನೆ. ಎಲ್ಲರೂ ಕೈ ಕೈ ಹಿಡಿದು ಮುಂದೆ ಬರುವುದು ರೂಢಿ. ಎರಡೂ ಕೈ ಹಿಡಿದ ಮೇಲೆ ವೀಲ್‌ಚೇರ್‌ನಲ್ಲಿರುವವರು ಚಕ್ರ ನೂಕುವುದು ಹೇಗೆ? ಅವರು ಮೊದಲೇ ಮುಂದಿನ ಗೆರೆಗೆ ಬಂದಿರಲಿ, ಸಾಲು ಅವರ ಬಳಿಗೆ ಬರಲಿ. ಅಂಧ ನಟರಿಗೆ ಪಕ್ಕದವರು ಮೊಣಕೈ ಕೊಡಲಿ. ಬಾಗುವಾಗ ಒಂದು ಒತ್ತು, ಏಳುವಾಗ ಎರಡು.