ಇಷ್ಟೆಲ್ಲ ಹಚ್ಚಿದರೂ ಮುಖ ಯಾಕೆ ಸರಿಹೋಗುತ್ತಿಲ್ಲ?

"ದಿನಾ ಎರಡು ಹೊತ್ತು ಫೇಸ್‌ವಾಶ್ ಹಾಕಿ ತೊಳೀತೀನಿ, ಸೀರಮ್ ಹಚ್ತೀನಿ, ರಾತ್ರಿಗೆ ಬೇರೆ ಕ್ರೀಮು. ಆದ್ರೂ ಮೊಡವೆ, ಉರಿ, ಕಪ್ಪು ಕಲೆ. ಇನ್ನೇನು ಹಚ್ಚಬೇಕು ಹೇಳಿ." ತೀರ್ಥಹಳ್ಳಿಯವರು ಕೇಳಲಿ, ಸಾಗರದವರು ಕೇಳಲಿ, ಪ್ರಶ್ನೆ ಹೆಚ್ಚುಕಡಿಮೆ ಇದೇ. ಸದ್ಯಕ್ಕೆ ಹೊಸದೇನೂ ಹಚ್ಚಬೇಡಿ ಎನ್ನುವುದೇ ನನ್ನ ಉತ್ತರ. ಈಗ ಮಾಡುತ್ತಿರುವುದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಸರಿಯಾಗಿ ಮಾಡಬೇಕು ಅನ್ನುವುದನ್ನು ಮೊದಲು ನೋಡಬೇಕು.

ತೊಂದರೆ ಶುರುವಾಗುವುದು ಬಚ್ಚಲುಮನೆಯಲ್ಲಿ. ಜಡಿಮಳೆಯ ದಿನ ಹಂಡೆಯ ಹಬೆಯಾಡುವ ನೀರು ಬಿಡಿ ಅಂತ ಮಲೆನಾಡಿನವರಿಗೆ ಹೇಳುವುದು ಸುಲಭವಲ್ಲ. ಮೈಗೆ ಸ್ವಲ್ಪ ಹದ ಮಾಡಿಕೊಂಡು ಹಾಕಿಕೊಳ್ಳಿ, ಮುಖಕ್ಕೆ ಮಾತ್ರ ಉಗುರುಬೆಚ್ಚಗಿನ ನೀರು ಸಾಕು. ಚರ್ಮದ ಮೇಲ್ಪದರದಲ್ಲಿ ಜೀವಕೋಶಗಳ ನಡುವೆ ಜಿಡ್ಡಿನ ಅಂಶವೊಂದು ಇರುತ್ತದೆ. ಒಳಗಿನ ತೇವ ಆರದಂತೆ, ಹೊರಗಿನ ಉರಿ ತರುವ ವಸ್ತು ಒಳಹೋಗದಂತೆ ತಡೆಯುವುದು ಅದೇ. ಬಿಸಿನೀರು, ಸೋಪು ಎರಡೂ ಸೇರಿದರೆ ಅದು ತೊಳೆದುಹೋಗುತ್ತದೆ. ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5ರ ಆಸುಪಾಸು, ಹುಳಿಯ ಕಡೆಗೆ; ಮಾಮೂಲಿ ಸ್ನಾನದ ಸೋಪಿನದು 9ರಿಂದ 10, ಕ್ಷಾರದ ಕಡೆಗೆ. ತೊಳೆದ ಮೇಲೆ ಮುಖ ಬಿಗಿದುಕೊಂಡಂತಾದರೆ "ಚೆನ್ನಾಗಿ ಕ್ಲೀನ್ ಆಯ್ತು" ಅಂತ ಖುಷಿಪಡುತ್ತಾರೆ. ನಿಜಕ್ಕೂ ಅದು ಜಾಸ್ತಿ ತೊಳೆದದ್ದರ ಗುರುತು. ಆಮೇಲೆ ಹಚ್ಚಿದ್ದೆಲ್ಲ ಉರಿಯುವುದೂ ಇದೇ ಕಾರಣಕ್ಕೆ.

ಸೋಪಿನಂಶವಿಲ್ಲದ ಕ್ಲೆನ್ಸರ್, ಕಡಲೆಕಾಳಿನಷ್ಟು, ಅರ್ಧ ನಿಮಿಷ ಕೈಬೆರಳಲ್ಲೇ ಮೆಲ್ಲಗೆ ಉಜ್ಜಿ ತೊಳೆದರೆ ಆಯಿತು. ರಾತ್ರಿ ಮಲಗುವ ಮುಂಚೆ ಒಮ್ಮೆ, ತೋಟದಿಂದ ಬೆವತು ಬಂದಾಗ ಒಮ್ಮೆ. ಒಣ ಚರ್ಮದವರಿಗೆ ಬೆಳಗ್ಗೆ ಬರೀ ನೀರು ಸಾಕು. ಕಡಲೆಹಿಟ್ಟು ಬೇಕೇ ಬೇಕು ಅನ್ನುವವರು ತೆಳ್ಳಗೆ ಕಲಸಿ, ಹಸಿ ಇರುವಾಗಲೇ ತೊಳೆಯಿರಿ. ಒಣಗಿ ಬಿರುಕು ಬಿಡುವ ತನಕ ಬಿಟ್ಟು ಉಜ್ಜಿ ತೆಗೆದರೆ ಚರ್ಮ ತರಚುತ್ತದೆ. ನಿಂಬೆಹಣ್ಣು ಮುಖಕ್ಕೆ ಬೇಡವೇ ಬೇಡ. ಅದರ ರಸ ಚರ್ಮಕ್ಕೆ ತೀರಾ ಹುಳಿ. ರಸ ಹತ್ತಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ, ತಿಂಗಳುಗಟ್ಟಲೆ ಕಂದು ಕಲೆ ಉಳಿಯಬಹುದು.

ಮುಖ ಒರೆಸುವಾಗ ಬಟ್ಟೆ ಒತ್ತಿ ನೀರು ತೆಗೆಯಿರಿ, ಪೂರ್ತಿ ಒಣಗಿಸಬೇಡಿ. ಎರಡು ಮೂರು ನಿಮಿಷದೊಳಗೆ, ಇನ್ನೂ ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಅದರ ಕೆಲಸ ಇರುವ ನೀರನ್ನು ಹಿಡಿದಿಡುವುದು. ಆಗುಂಬೆ, ಹೊಸನಗರದ ಮಳೆಗಾಲಕ್ಕೆ ಜೆಲ್ ಅಥವಾ ತೆಳು ಲೋಶನ್ ಸಾಕು. ಡಿಸೆಂಬರಿನಿಂದ ಫೆಬ್ರವರಿ ತನಕ ಗ್ಲಿಸರಿನ್, ಸೆರಮೈಡ್ (ಚರ್ಮದಲ್ಲೇ ಇರುವ ಜಿಡ್ಡಿನ ಒಂದು ಬಗೆ) ಇರುವ ಮಂದ ಕ್ರೀಮು ಬೇಕಾಗುತ್ತದೆ. ವರ್ಷವಿಡೀ ಒಂದೇ ಡಬ್ಬಿ ಹಚ್ಚುವವರಿಗೆ ಮಳೆಗಾಲದಲ್ಲಿ ಮೊಡವೆ, ಚಳಿಗಾಲದಲ್ಲಿ ಬಿರುಕು ಬರುವುದರಲ್ಲಿ ಆಶ್ಚರ್ಯವಿಲ್ಲ.

ಕೊಬ್ಬರಿ ಎಣ್ಣೆ ಕೈಕಾಲಿಗೆ ಒಳ್ಳೆಯದು. ಮೊಡವೆ ಇರುವ ಮುಖಕ್ಕೆ ಅದು ಆಗಿಬರುವುದಿಲ್ಲ, ರಂಧ್ರ ಮುಚ್ಚುತ್ತದೆ. ಹಣೆಯ ಮೇಲಷ್ಟೇ ಸಣ್ಣ ಗುಳ್ಳೆ ಏಳುತ್ತಿದ್ದರೆ ತಲೆಗೆ ಹಾಕಿದ ಎಣ್ಣೆ ಇಳಿಯುತ್ತಿದೆಯೇ ನೋಡಿ. ಎಣ್ಣೆ ರಾತ್ರಿಯಿಡೀ ಇಡದೆ ಒಂದು ಗಂಟೆ ಬಿಟ್ಟು ತೊಳೆದು, ದಿಂಬಿನ ಕವರು ಬದಲಿಸಿದರೆ ಎಷ್ಟೋ ಜನಕ್ಕೆ ಅಷ್ಟರಲ್ಲೇ ಕಡಿಮೆಯಾಗುತ್ತದೆ. ಒಡೆದ ಹಿಮ್ಮಡಿಗೆ ಮಾತ್ರ ನಮ್ಮ ಮುರುಗಲು (ಕೋಕಂ) ತುಪ್ಪ ಬಹಳ ಚೆನ್ನ. ತಣ್ಣಗಿರುವಾಗ ಗಟ್ಟಿ, ಮೈಬಿಸಿಗೆ ನಿಧಾನ ಕರಗುತ್ತದೆ. ಕಾಲು ಹತ್ತು ನಿಮಿಷ ನೆನೆಸಿ, ಒರೆಸಿ, ಹಚ್ಚಿ, ಸಾಕ್ಸ್ ಹಾಕಿ ಮಲಗಿ.

ಅಡಿಕೆ ಸುಲಿಯುವ ಕಾಲಕ್ಕೆ ಹೆಂಗಸರ ಬೆರಳ ತುದಿ, ಉಗುರಿನ ಸಂದು ಕಪ್ಪಾಗಿರುತ್ತದೆ. ಹಸಿ ಅಡಿಕೆಯ ಚೊಗರಿನ ಟ್ಯಾನಿನ್ ಚರ್ಮದ ಮೇಲ್ಪದರಕ್ಕೇ ಬಣ್ಣ ಹಿಡಿಸಿರುವುದರಿಂದ ಉಜ್ಜಿದರೆ ಹೋಗುವುದಿಲ್ಲ, ಪದರ ತಾನಾಗಿ ಉದುರಿದಂತೆ ವಾರ, ಎರಡು ವಾರದಲ್ಲಿ ಹೋಗುತ್ತದೆ. ನಿಂಬೆಹುಳಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ಕೈ ಒಡೆಸಿಕೊಳ್ಳಬೇಡಿ. ಸುಲಿಯಲು ಕೂರುವ ಮುಂಚೆ ತೆಳುವಾಗಿ ಎಣ್ಣೆ ಅಥವಾ ವ್ಯಾಸಲೀನ್ ಸವರಿಕೊಳ್ಳಿ, ಸಾಧ್ಯವಾದರೆ ಕೈಗವಸು ಹಾಕಿ.

ಸನ್‌ಸ್ಕ್ರೀನ್ ವಿಷಯಕ್ಕೆ ಬಂದರೆ, "ಇಲ್ಲಿ ಬಿಸಿಲೆಲ್ಲಿದೆ" ಎನ್ನುತ್ತಾರೆ. ಚರ್ಮ ಕಪ್ಪಾಗಿಸುವ ಯುವಿಎ ಕಿರಣ ಮೋಡ ದಾಟಿಯೂ ಬರುತ್ತದೆ, ಕಿಟಕಿ ಗಾಜು ದಾಟಿಯೂ ಬರುತ್ತದೆ. ಎಸ್‌ಪಿಎಫ್ 30 ಅಥವಾ ಹೆಚ್ಚು, ಯುವಿಎ ತಡೆಯುವ ಅಳತೆಯಾದ ಪಿಎ ಮುಂದೆ ಕನಿಷ್ಠ ಮೂರು ಪ್ಲಸ್ ಇರುವುದನ್ನು ತೆಗೆದುಕೊಳ್ಳಿ. ಹೆಚ್ಚಿನವರು ತಪ್ಪುವುದು ಅಳತೆಯಲ್ಲಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆದರೆ ಮುಖಕ್ಕೂ ಕುತ್ತಿಗೆಗೂ ಸೇರಿ ಆಗುವ ಅಳತೆ. ಲೇಬಲ್ಲಿನ ಸಂಖ್ಯೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿ ಬಂದದ್ದು. ಚುಕ್ಕಿ ಚುಕ್ಕಿ ಇಟ್ಟು ಸವರಿದರೆ ಆ ರಕ್ಷಣೆ ಸಿಗುವುದಿಲ್ಲ. ದಿನಕ್ಕೊಮ್ಮೆ ಸರಿಯಾಗಿ ಹಚ್ಚಿದರೆ 50 ಗ್ರಾಂ ಟ್ಯೂಬು ಒಂದೂವರೆ ತಿಂಗಳಿಗೆಲ್ಲ ಮುಗಿಯಬೇಕು. ಆರು ತಿಂಗಳು ಬರುತ್ತಿದೆ ಅಂದರೆ ಹಚ್ಚುತ್ತಿರುವುದು ಕಾಲು ಭಾಗ. ಅಂಗಳದಲ್ಲಿ ಚಾಲಿ ಅಡಿಕೆ ಒಣಗಿಸುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಜೊತೆಗೆ ಅಗಲ ಅಂಚಿನ ಟೋಪಿ ಇರಲಿ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕೆಡುಕು. ಅವರಿಗೆ ಐರನ್ ಆಕ್ಸೈಡ್ ಇರುವ, ಬಣ್ಣ ಬೆರೆತ ಸನ್‌ಸ್ಕ್ರೀನೇ ಆಗಬೇಕು. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗುವವರು ಸನ್‌ಸ್ಕ್ರೀನ್ ಮೊದಲು ಹಚ್ಚಿ, ಅದು ಒಣಗಿದ ಮೇಲೆ ಉಣುಗು ಕಚ್ಚದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ತೊಳೆದುಕೊಳ್ಳಿ.

ವಿಟಮಿನ್ ಸಿ, ರೆಟಿನಾಲ್, ಗ್ಲೈಕೋಲಿಕ್ ಆಸಿಡ್ ಎಲ್ಲ ಒಂದೇ ವಾರ ಶುರುಮಾಡಬೇಡಿ. ಯಾವುದರಿಂದ ಉರಿ ಬಂತು ಅಂತಲೇ ತಿಳಿಯುವುದಿಲ್ಲ. ಕಿವಿಯ ಹಿಂದೆ ಎರಡು ಮೂರು ದಿನ ಹಚ್ಚಿ ನೋಡಿ, ಒಂದು ಒಗ್ಗಿದ ಮೇಲೆ ಇನ್ನೊಂದು. ರೆಟಿನಾಲ್ ವಾರಕ್ಕೆ ಎರಡು ರಾತ್ರಿಯಿಂದ ಶುರುವಾಗಲಿ, ಬಸುರಿಯರಿಗೆ ಅದು ಬೇಡ. ಮೊಡವೆಯ ಔಷಧಿ ಫಲ ಕೊಡಲು 8ರಿಂದ 12 ವಾರ ಬೇಕು. ಹದಿನೈದು ದಿನಕ್ಕೇ ಬದಲಿಸಿದರೆ ಯಾವುದೂ ಹಿಡಿಯುವುದಿಲ್ಲ.

ನನಗೆ ನಿಜವಾಗಿ ಚಿಂತೆಯಾಗುವುದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೇಳಿ ತರುವ ಟ್ಯೂಬುಗಳ ಬಗ್ಗೆ. ಮಳೆಗಾಲದಲ್ಲಿ ಬಟ್ಟೆ ಒಣಗದೆ ತೊಡೆಸಂದಿಯಲ್ಲಿ, ಸೊಂಟದಲ್ಲಿ ಹುಳುಕಡ್ಡಿ, ಅಂದರೆ ಉಂಗುರದಂತೆ ಹಬ್ಬುವ ಶಿಲೀಂಧ್ರದ ಸೋಂಕು, ಏಳುತ್ತದೆ. ಅಂಗಡಿಯಲ್ಲಿ ಕೊಡುವ ಎಷ್ಟೋ ಮಿಶ್ರಣ ಕ್ರೀಮುಗಳಲ್ಲಿ ಶಿಲೀಂಧ್ರದ ಔಷಧಿಯ ಜೊತೆ ಸ್ಟೆರಾಯ್ಡ್ ಇರುತ್ತದೆ. ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಆದರೆ ಸ್ಟೆರಾಯ್ಡ್ ಆ ಜಾಗದ ಪ್ರತಿರೋಧವನ್ನೇ ಅಡಗಿಸಿರುವುದರಿಂದ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬರುತ್ತದೆ. ಇದೇ ಜಾತಿಯ ಕ್ರೀಮನ್ನು ಬಿಳಿಯಾಗಲೆಂದು ಮುಖಕ್ಕೆ ಹಚ್ಚುವವರೂ ಇದ್ದಾರೆ. ಮೊದಲ ತಿಂಗಳು ಮುಖ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣುತ್ತವೆ, ಕೂದಲು ಹುಟ್ಟುತ್ತದೆ, ಗುಳ್ಳೆ ಏಳುತ್ತವೆ, ಒಂದು ದಿನ ಹಚ್ಚದಿದ್ದರೆ ಮುಖವೆಲ್ಲ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡುಗಳ ಕ್ರೀಮುಗಳನ್ನು ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕೆಂದು ನಿಯಮ ತಂದಿತು. ಹಾಗಾಗಿ ಟ್ಯೂಬಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಸೋನ್, ಫ್ಲುವೊಸಿನೊಲೋನ್ ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೆರಾಯ್ಡ್.

ಹುಳುಕಡ್ಡಿಗೆ ಬರೀ ಶಿಲೀಂಧ್ರದ ಕ್ರೀಮನ್ನು ಉಂಗುರದ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯ ತನಕ ಹಚ್ಚಬೇಕು, ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಮನೆಯಲ್ಲಿ ಎಲ್ಲರಿಗೂ ಟವೆಲು ಬೇರೆ ಬೇರೆ ಇರಲಿ. ಒಳಬಟ್ಟೆ ಅರೆಒಣಗಿದ್ದರೆ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಯೇ ತೊಡಿ.

ತಿಂಗಳುಗಟ್ಟಲೆ ಸ್ಟೆರಾಯ್ಡ್ ಹಚ್ಚಿದವರು ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ನರಳಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ ಹತ್ತಿರದ ಬೇರೆಡೆಯಾಗಲಿ ಚರ್ಮದ ವೈದ್ಯರನ್ನು ಕಾಣಿ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಬೈಯುತ್ತಾರೆಂದು ಯಾವುದನ್ನೂ ಮುಚ್ಚಿಡಬೇಡಿ. ಸ್ಟೆರಾಯ್ಡ್ ಬಿದ್ದ ಹುಳುಕಡ್ಡಿಯ ಉಂಗುರ ಎಷ್ಟೋ ಸಲ ಅಳಿಸಿಹೋಗಿರುತ್ತದೆ. ಏನು ಹಚ್ಚಿದ್ದಿರಿ ಅಂತ ತಿಳಿಯದೆ ಅವರಿಗೂ ರೋಗ ಗುರುತಿಸುವುದು ಕಷ್ಟ.