ಉಸಿರು ಬಿಡಿ, ಹಾಗೇ ನಿಲ್ಲಿಸಿ

ಮುಂಬೈಯ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಂಆರ್‌ಐ ತಂತ್ರಜ್ಞನಾಗಿರುವ ನಾನು ಲಿವರ್‌ನ ಕಾಂಟ್ರಾಸ್ಟ್ ಪರೀಕ್ಷೆ ಇದ್ದ ದಿನ ಯಂತ್ರಕ್ಕಿಂತ ರೋಗಿಯ ಉಸಿರಿಗೇ ಹೆಚ್ಚು ಅಂಜುತ್ತೇನೆ. ತೋಳಿನ ರಕ್ತನಾಳಕ್ಕೆ ಕೊಟ್ಟ ಗ್ಯಾಡೋಲಿನಿಯಂ, ಅಂದರೆ ಚಿತ್ರದಲ್ಲಿ ರಕ್ತವನ್ನು ಬೆಳ್ಳಗೆ ತೋರಿಸುವ ಕಾಂಟ್ರಾಸ್ಟ್ ಔಷಧ, ಹೃದಯದ ಬಲಭಾಗ, ಶ್ವಾಸಕೋಶ, ಹೃದಯದ ಎಡಭಾಗಗಳನ್ನು ದಾಟಿ ಮಹಾಪಧಮನಿಗೆ ಇಳಿಯುತ್ತದೆ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ್ದಾದರೂ, ಅಲ್ಲಿ ಹುಟ್ಟುವ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಧಮನಿಯ ರಕ್ತವನ್ನೇ ನೆಚ್ಚಿಕೊಂಡಿರುವುದರಿಂದ, ಧಮನಿ ತುಂಬಿ ಪೋರ್ಟಲ್‌ನಲ್ಲಿ ಔಷಧ ಆಗಷ್ಟೇ ಕಾಣತೊಡಗುವ ಕೆಲವೇ ಸೆಕೆಂಡುಗಳಲ್ಲಿ ಆ ಗಂಟು ಬೆಳ್ಳಗೆ ಎದ್ದು ಕಾಣುತ್ತದೆ. ಧಮನಿ ಹಂತವೆನ್ನುವ ಆ ಗಳಿಗೆ ತಪ್ಪಿದರೆ ಮತ್ತೆ ಔಷಧ ಕೊಡದೆ ಸಿಗುವುದಿಲ್ಲ.

ಮಹಾಪಧಮನಿ ಹೊಳೆದದ್ದನ್ನು ಪರದೆಯಲ್ಲಿ ಕಂಡೊಡನೆ ಚಿತ್ರ ತೆಗೆಯಲಾಗದು. ಉಸಿರಾಡಿದರೆ ಲಿವರ್ ಅಲುಗಿ ಚಿತ್ರ ಕೆಡುವುದರಿಂದ, ಮೊದಲು ಉಸಿರು ನಿಲ್ಲಿಸುವ ಸೂಚನೆ ಕೊಡಬೇಕು, ರೋಗಿ ಅದನ್ನು ಕೇಳಿ ಪಾಲಿಸಬೇಕು. ಇದಕ್ಕೇ ನಾಲ್ಕೈದು ಸೆಕೆಂಡು ಹೋಗುತ್ತದೆ. ಇದನ್ನು ಲೆಕ್ಕದಲ್ಲಿ ಸೇರಿಸದವನ ಸಮಯ ಎಂದಿಗೂ ಸರಿಹೋಗದು.

ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆ ಮಾಡಿ ಮುದುಕರಾದ ಭಟ್ಟರೊಬ್ಬರು ಒಮ್ಮೆ ಬಂದಿದ್ದರು. ಯಂತ್ರದ ಹಿಂದಿ ಧ್ವನಿ ‘ಸಾಂಸ್ ರೋಕಿಯೇ’ (ಉಸಿರು ನಿಲ್ಲಿಸಿ) ಎಂದಾಗಲೆಲ್ಲ ಅವರು ಮರ್ಯಾದೆಯಿಂದ ‘ಹಾಂ ಜೀ’ ಎಂದು ಉತ್ತರಿಸಿ, ಆಮೇಲೆ ದೊಡ್ಡದಾಗಿ ಉಸಿರೆಳೆಯುತ್ತಿದ್ದರು. ಧಮನಿ ಹಂತದ ಚಿತ್ರವಿಡೀ ಗೆರೆ ಗೆರೆಯಾಯಿತು. ತಪ್ಪು ನನ್ನದೇ, ಅಭ್ಯಾಸ ಮಾಡಿಸಿರಲಿಲ್ಲ.

ದೊಡ್ಡ ಉಸಿರಿಗೆ ಇನ್ನೊಂದು ದೋಷವೂ ಇದೆ. ಜೋರಾಗಿ ಎಳೆದುಕೊಂಡಾಗ ಹೊಟ್ಟೆಯ ಕಡೆಯಿಂದ ಔಷಧವಿಲ್ಲದ ರಕ್ತ ಹೃದಯಕ್ಕೆ ನುಗ್ಗಿ ಕಾಂಟ್ರಾಸ್ಟನ್ನು ತೆಳುವಾಗಿಸಬಹುದು. ಮೂಟೆ ಎತ್ತುವವರಂತೆ ಮುಕ್ಕರಿದು ಉಸಿರು ಬಿಗಿಹಿಡಿದರೆ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗಿ ಔಷಧ ತಡವಾಗಿ ತಲುಪುತ್ತದೆ. ಆದ್ದರಿಂದ ಉಸಿರು ಬಿಟ್ಟು ನಿಲ್ಲಿಸುವುದನ್ನೇ ನಾನು ಇಷ್ಟಪಡುತ್ತೇನೆ, ಏಕೆಂದರೆ ಆಗ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯೂ ಪ್ರತಿ ಸಲ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಹಾಗೆ ಹದಿನೈದು ಸೆಕೆಂಡು ತಡೆಯುವುದು ವಯಸ್ಸಾದವರಿಗೆ ಕಷ್ಟವೆಂಬುದೂ ನಿಜ. ಅಂಥವರಿಗೆ ಚಿತ್ರದ ಸೂಕ್ಷ್ಮತೆಯನ್ನು ತುಸು ಬಿಟ್ಟುಕೊಟ್ಟು ಸ್ಕ್ಯಾನಿನ ಅವಧಿಯನ್ನೇ ಮೊಟಕು ಮಾಡುತ್ತೇನೆ. ಗ್ಯಾಡಾಕ್ಸೆಟೇಟ್ ಎಂಬ ಕಾಂಟ್ರಾಸ್ಟ್ ಔಷಧ ಕೊಟ್ಟಾಗ ಕೆಲವರಿಗೆ ಸರಿಯಾಗಿ ಧಮನಿ ಹಂತದಲ್ಲೇ ಕ್ಷಣಕಾಲ ಉಸಿರು ಕಟ್ಟಿದಂತಾಗುವುದರಿಂದ, ಅಲ್ಲಿ ಅಭ್ಯಾಸವೂ ಪೂರ್ತಿ ಕಾಯುವುದಿಲ್ಲ.

ಮೂರು ತಿಂಗಳ ಬಳಿಕ ಭಟ್ಟರು ಮತ್ತೆ ಬಂದಾಗ ಯಂತ್ರದ ಧ್ವನಿಯನ್ನು ಬಂದ್ ಮಾಡಿ, ‘ಭಟ್ಟರೇ, ಉಸಿರು ಬಿಡಿ, ಹಾಗೇ ನಿಲ್ಲಿಸಿ, ನನಗೆ ಉತ್ತರ ಕೊಡಬೇಡಿ’ ಎಂದು ಮೈಕಿನಲ್ಲಿ ನಾನೇ ಹೇಳಿದೆ. ಎರಡು ಸಲ ‘ಆಯ್ತು’ ಎಂದರು. ಮೂರನೆಯ ಸಲ ತುಟಿ ಬಿಚ್ಚಲಿಲ್ಲ. ಆಗ ಇಂಜೆಕ್ಟರಿನ ಗುಂಡಿ ಒತ್ತಿದೆ.